ನಾನೂರು ಸಲ ಸತ್ತವನ ಮಾತು

ಲಾಸ್ ಏಂಜಲೀಸಿನ ನಮ್ಮ ಚೈನಾಟೌನಿನಲ್ಲಿ ಮೋಕ್ ಹಿಂಗ್‌ನಷ್ಟು ಸಲ ಸತ್ತವನು ಇನ್ನೊಬ್ಬನಿಲ್ಲ. ಕಮ್ಮಿಯೆಂದರೂ ನಾನೂರು ಸಲ. ಬಾಣ ತಾಗಿ, ಬಂಡೆ ಉರುಳಿ, ಹಡಗು ಮುಳುಗಿ. ಒಮ್ಮೆಯಂತೂ ಒಂದೇ ಮಧ್ಯಾಹ್ನ ಎರಡೂ ಕಡೆಯ ಸೈನ್ಯದಲ್ಲಿ ನಿಂತು ತನ್ನನ್ನು ತಾನೇ ಕೊಂದುಕೊಂಡಿದ್ದ. ಹಾಲಿವುಡ್ಡಿನವರಿಗೆ ಚೀನಾ ಬೇಕಾದಾಗಲೆಲ್ಲ ಒಂದು ಲಾರಿ ಬಂದು ಬೀದಿಯ ಗಂಡಸರನ್ನು ತುಂಬಿಕೊಂಡು ಹೋಗುತ್ತಿತ್ತು. ಅವನ ಮುಖ ಕಂಡರೆ ಯಮನಿಗೇ ಆಕಳಿಕೆ ಬರುವಷ್ಟು ಸತ್ತ. ನಿಜವಾಗಿ ಸತ್ತದ್ದು ಮಾತ್ರ ಒಂದೇ ಸಲ, 1940ರ ಚಳಿಗಾಲದಲ್ಲಿ, ಎದೆಯ ಕಾಯಿಲೆಯಿಂದ. ಮಗಳು ಲೂಯೆಲ್ಲಾಗೆ ಆಗ ಏಳು ವರ್ಷ.

ಈಗ ಆ ಲೂಯೆಲ್ಲಜ್ಜಿಗೆ ತೊಂಬತ್ತೆರಡು. ಕಣ್ಣು ಹದ್ದಿನದು, ನಾಲಿಗೆ ಹದ್ದಿನ ಕೊಕ್ಕಿಗಿಂತ ಚೂಪು. ಅಪ್ಪನದೆಂದು ಅವಳ ಹತ್ತಿರ ಉಳಿದದ್ದು ಒಂದು ಫೋಟೋ. ದನಿ ನೆನಪಿಲ್ಲ. ದಪ್ಪವಿತ್ತೋ ತೆಳುವಿತ್ತೋ, ತಲೆಯೊಳಗೆ ಎಂಬತ್ತೈದು ವರ್ಷ ಹುಡುಕಿದರೂ ಸಿಕ್ಕಿಲ್ಲ.

ಆ ಕಾಲದ ಚಿತ್ರಗಳಲ್ಲಿ ನಮ್ಮವರಿಗೆ ಯಾರೂ ಮಾತು ಬರೆದುಕೊಡುತ್ತಿರಲಿಲ್ಲ. ನಿಮ್ಮ ಭಾಷೆಯಲ್ಲಿ ಏನಾದರೂ ಅಂದುಬಿಡಿ ಎನ್ನುತ್ತಿದ್ದ ನಿರ್ದೇಶಕ. ನಮ್ಮವರು ಅನ್ನುತ್ತಿದ್ದರು. ದೇವರಿಗೆ ಮೊರೆಯಿಡುವ ದೃಶ್ಯದಲ್ಲಿ ಬಾತುಕೋಳಿ ಹುರಿಯುವ ಬಗೆ, ರಾಜನಿಗೆ ಶಾಪ ಹಾಕುವಲ್ಲಿ ಪಕ್ಕದ ಅಂಗಡಿಯವನ ಗುಟ್ಟು, ಮತ್ತು ಎಲ್ಲ ದೃಶ್ಯಗಳಲ್ಲೂ ನಿರ್ದೇಶಕನ ತಾಯಿಯ ವಿಚಾರ. ಥಿಯೇಟರಿನಲ್ಲಿ ಊರೆಲ್ಲ ಕಣ್ಣೊರೆಸಿಕೊಳ್ಳುವಾಗ ನಮ್ಮ ಸಾಲು ಮಾತ್ರ ಕುರ್ಚಿಯಿಂದ ಕೆಳಗೆ ಬಿದ್ದು ನಗುತ್ತಿತ್ತು. ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡು ಸಿನಿಮಾಕ್ಕೆ ಹೋಗುತ್ತಿದ್ದದ್ದು ಅದಕ್ಕೇ.

ಮೋಕ್ ಹಿಂಗ್‌ನ ಕೊನೆಯ ಚಿತ್ರಕ್ಕೂ ಬೀದಿ ಹೋಗಿತ್ತು. ಲೂಯೆಲ್ಲಾಳನ್ನು ಮಾತ್ರ ಅಮ್ಮ ಬಿಡಲಿಲ್ಲ. ತಾನೊಬ್ಬಳೇ ನೋಡಿ ಬಂದು, ಚಿತ್ರ ಚೆನ್ನಾಗಿಲ್ಲ, ಅಪ್ಪ ಅದರಲ್ಲಿ ಇಲ್ಲವೇ ಇಲ್ಲ ಎಂದುಬಿಟ್ಟಳು. ಇದ್ದಾನೆಂದು ಶಾಲೆಯ ಮಕ್ಕಳೆಲ್ಲ ಹೇಳಿದ್ದರು. ಏನಂದ ಎಂದು ಕೇಳಿದರೆ ಮುಖ ತಿರುಗಿಸುತ್ತಿದ್ದರು. ಆ ಸುಳ್ಳನ್ನು ಅಮ್ಮ ಸತ್ತ ಮೇಲೂ ಮಗಳು ಕ್ಷಮಿಸಲಿಲ್ಲ.

ಕಳೆದುಹೋಗಿದ್ದ ಆ ಚಿತ್ರ ಈಗ ಯಾವುದೋ ಉಗ್ರಾಣದಲ್ಲಿ ಸಿಕ್ಕಿತು. ಹಳೆಯ ಚಿತ್ರಗಳನ್ನು ಶುಚಿಮಾಡಿ ಕಾಪಾಡುವವರು, ನಮ್ಮ ಚೈನಾಟೌನ್ ಸಂಘದ ನೂರನೆಯ ವರ್ಷಕ್ಕೆ ತೋರಿಸುತ್ತೀರಾ ಎಂದು ಪ್ರತಿ ಕಳಿಸಿದರು. ಸಂಘದಲ್ಲಿ ಏಳು ಜನ ಹಿರಿಯರು. ನಮ್ಮಲ್ಲಿ ತೀರ್ಮಾನವೆಂದರೆ ಟೀ: ಅಧ್ಯಕ್ಷ ಒಬ್ಬೊಬ್ಬರ ಬಟ್ಟಲಿಗೂ ಸುರಿಯುತ್ತಾನೆ, ಒಪ್ಪಿದವರು ಮೇಜಿನ ಮೇಲೆ ಎರಡು ಬೆರಳು ತಟ್ಟುತ್ತಾರೆ. ಏಳು ಜನರೂ ತಟ್ಟಿದರೆ ಉಂಟು. ಒಬ್ಬರು ತಟ್ಟದಿದ್ದರೂ ಇಲ್ಲ.

ಏಳರಲ್ಲಿ ಲೂಯೆಲ್ಲಜ್ಜಿಯೂ ಒಬ್ಬಳು; ಉಳಿದ ಆರು ಜನರನ್ನು ಗದರಿಸಿಯೇ ಒಪ್ಪಿಸುತ್ತಿದ್ದಳು. ಆದರೆ ಅವರಲ್ಲೊಬ್ಬಳು ಅವಳದೇ ಮೊಮ್ಮಗಳು ಕೆಂಡ್ರಾ. ಮೂವತ್ತಮೂರಕ್ಕೇ ಹಿರಿಯರ ಸಾಲಿಗೆ ಸೇರಿದವಳು, ಕಾಲೇಜಿನಲ್ಲಿ ಸಿನಿಮಾ ಪಾಠ ಹೇಳುವವಳು. ನೋಡಿದ ಚಿತ್ರಗಳ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟರೆ ಚಂದ್ರನಿಗೆ ತಾಗುತ್ತದೆ.

"ಪೋಪೋ, ಹೀರೋ ಬಿಳಿಯ," ಎಂದಳು ಅವಳು ಅಜ್ಜಿಗೆ. "ಕಣ್ಣಿಗೆ ಅಂಟು ಹಾಕ್ಕೊಂಡು ಚೀನಾದ ಸೇನಾಪತಿ ಆಗಿದಾನೆ. ನಮ್ಮೋರು ಅವನ ಕಾಲಿಗೆ ಬೀಳ್ತಾರೆ. ಹಬ್ಬದ ದಿನ ಇದನ್ನ ತೋರ್ಸೋದಾ?"

"ಬೀಳೋರಲ್ಲಿ ನಮ್ಮಪ್ಪ ಇದಾನಲ್ಲೇ. ನೀನು ಹೀರೋನ ಯಾಕ್ ನೋಡ್ತೀಯ? ಹಿಂದೆ ನೋಡು."

ಅಧ್ಯಕ್ಷ ವಿಲ್ಬರ್ಟ್‌ಗೂ ತೊಂಬತ್ತರ ಹತ್ತಿರ. ಅಜ್ಜಿಯನ್ನು ಬಿಟ್ಟರೆ ಹಿಂದಿನವರು ಚೀನಾದ ಊರಿಂದ ತಂದ ತೊಯ್ಸಾನ್ ಮಾತು ಬಲ್ಲವನು ಆ ಏಳರಲ್ಲಿ ಅವನೊಬ್ಬನೇ. "ಲೂಯೆಲ್ಲಾ, ನಿಮ್ಮಪ್ಪ ಸತ್ತಷ್ಟು ಸಲ ನಾನು ಸ್ನಾನಾನೂ ಮಾಡಿಲ್ಲ," ಎಂದ. "ಮೊದಲು ಒಂದ್ಸಲ ನೋಡೋಣ. ಆಮೇಲೆ ಟೀ."

"ಸ್ನಾನದ ವಿಷಯ ನಿನ್ನ ಪಕ್ಕ ಕೂರೋ ನಮಗೆ ಗೊತ್ತಿರೋದೇ," ಎಂದಳು ಅಜ್ಜಿ.

ಭಾನುವಾರ ಬೆಳಿಗ್ಗೆ ಸಂಘದ ಸಭಾಂಗಣದ ಪರದೆಗಳನ್ನು ಎಳೆದು, ಏಳು ಜನರೂ ಗೋಡೆಗೆ ಮುಖಮಾಡಿ ಕೂತರು. ಚಿತ್ರ ಕೆಟ್ಟದ್ದೇ. ಸೇನಾಪತಿಯ ಮೀಸೆ ಅವನಿಗಿಂತ ಎರಡು ನಿಮಿಷ ಮೊದಲೇ ಬಾಗಿಲಲ್ಲಿ ಕಾಣಿಸಿಕೊಂಡಿತು. ಅವನ ಮಾತಿನ ವರಸೆಗೆ ಕೆಂಡ್ರಾ ಹಲ್ಲು ಕಚ್ಚಿದಳು. ಅಜ್ಜಿಗೆ ಇದಾವುದೂ ಬೇಕಿರಲಿಲ್ಲ. ಕೋಲಿನ ಮೇಲೆ ಗಲ್ಲವಿಟ್ಟು, ಗುಂಪಿನ ಒಂದೊಂದು ಮುಖವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸುತ್ತಿದ್ದಳು.

ಐವತ್ತನೆಯ ನಿಮಿಷಕ್ಕೆ ಅಪ್ಪ ಬಂದ. ಹರಕು ಅಂಗಿ, ಹಿಂದಕ್ಕೆ ಕಟ್ಟಿದ ಕೈ. ಅವನನ್ನು ಮಣ್ಣಿನಲ್ಲಿ ಮಂಡಿಯೂರಿಸಿದರು. ಸೇನಾಪತಿ ಬೂಟುಗಾಲನ್ನು ಅವನ ಕತ್ತಿನ ಮೇಲಿಟ್ಟ. ಸುತ್ತ ನಿಂತ ಸೈನಿಕರು ನಕ್ಕರು, ನಗಬೇಕೆಂದೇ ತೆಗೆದ ದೃಶ್ಯ ಅದು. ಅಪ್ಪ ಮುಖವೆತ್ತಿ, ಸೇನಾಪತಿಯನ್ನಲ್ಲ, ಕ್ಯಾಮೆರಾದ ಪಕ್ಕದ ಯಾವುದೋ ಜಾಗವನ್ನು ನೋಡುತ್ತ, ಮೊರೆಯಿಡುವ ದನಿಯಲ್ಲಿ ನಾಲ್ಕು ಮಾತು ಆಡಿದ. ತೆಳ್ಳಗಿನ ದನಿ, ಸ್ವಲ್ಪ ಒಡಕು. 'ಪ್ರಭು, ಪ್ರಾಣ ಉಳಿಸಿ' ಎಂದು ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಮೂಡಿತು.

ವಿಲ್ಬರ್ಟ್ ಮುಖ ತಿರುಗಿಸಿದ. ಶಾಲೆಯ ಮಕ್ಕಳು ತಿರುಗಿಸುತ್ತಿದ್ದ ಹಾಗೆಯೇ.

ಕೆಂಡ್ರಾ ಯಂತ್ರ ನಿಲ್ಲಿಸಿ, ಅವರು ನಿಜಕ್ಕೂ ಏನಂದರು ಎಂದು ಕೇಳಿದಳು. ಅಜ್ಜಿ ಕೋಲಿನ ಮೇಲಿಂದ ಗಲ್ಲವೆತ್ತಿದಳು.

"'ಆ-ಲಿನ್, ಇದನ್ನ ನೋಡ್ಬೇಡ ಮಗಳೇ. ಮನೆಗೆ ಹೋಗು. ಅನ್ನ ಮುಚ್ಚಿಟ್ಟಿದೀನಿ.'" ಆಮೇಲೆ ಹೇಳಿದಳು, "ಆ-ಲಿನ್ ಅಂದ್ರೆ ನಾನು. ಮನೇಲಿ ಕರೆಯೋ ಹೆಸರು."

ವಿಲ್ಬರ್ಟ್ ಟೀ ಸುರಿದ. ಅರ್ಧ ಮೇಜಿಗೆ ಹೋಯಿತು. ಒಬ್ಬೊಬ್ಬರಾಗಿ ಬೆರಳು ತಟ್ಟಿದರು. ಹಟ ಹಿಡಿದಿದ್ದ ಕೆಂಡ್ರಾಳೂ ಕಣ್ಣೊರೆಸಿಕೊಂಡು ತಟ್ಟಿದಳು. ಇದನ್ನು ಊರೆಲ್ಲ ಕೇಳಬೇಕು, ಅಕ್ಷರಗಳನ್ನು ತಾನೇ ತಿದ್ದಿಸುತ್ತೇನೆ ಎಂದಳು.

ಕೊನೆಯ ಬಟ್ಟಲು ಅಜ್ಜಿಯದು. ಟೀ ತುಂಬಿತು. ಅವಳ ಬೆರಳುಗಳು ಕೋಲಿನ ಮೇಲೆಯೇ ಇದ್ದವು. ಹಬೆಯಾಡಿ, ಹಬೆ ನಿಂತು, ಟೀ ಆರಿತು.

"ಪೋಪೋ, ನೀನೇ ತಾನೇ ಬೇಕು ಅಂದಿದ್ದು?"

"ನೋಡ್ಬೇಡ ಅಂದ ಅವನ ಮಾತನ್ನ ನಮ್ಮಮ್ಮ ಒಬ್ಬಳು ಕೇಳಿದ್ಲು," ಎಂದಳು ಅಜ್ಜಿ. "ಎಂಬತ್ತೈದು ವರ್ಷ ತಡವಾಗಿ ನಾನೂ ಕೇಳ್ತೀನಿ, ಬಿಡು."

ಆಮೇಲೆ ಒಂದೇ ಒಂದು ಕೇಳಿಕೊಂಡಳು. ಚಿತ್ರ ಕಾಣಿಸುವುದು ಬೇಡ, ದನಿ ಮಾತ್ರ ಇನ್ನೊಂದು ಸಲ. ಕೆಂಡ್ರಾ ಹೋಗಿ ಯಂತ್ರದ ಬೆಳಕಿನ ಕಿಂಡಿಗೆ ಅಂಗೈ ಅಡ್ಡ ಹಿಡಿದಳು. ಗೋಡೆ ಕಪ್ಪಾಯಿತು. ಕತ್ತಲೊಳಗಿಂದ ಮೋಕ್ ಹಿಂಗ್ ಮಗಳನ್ನು ಕರೆದು, ಹೇಳಬೇಕಾದದ್ದನ್ನು ಹೇಳಿ ಮುಗಿಸಿದ.

ಅಜ್ಜಿ ಕೋಲೂರಿ ಎದ್ದಳು. ಎಲ್ಲಿಗೆ ಎಂದು ವಿಲ್ಬರ್ಟ್ ಕೇಳಿದ.

"ಮನೆಗೆ," ಎಂದಳು. "ಅನ್ನ ಆರಿಹೋಗತ್ತೆ."