ಮಗುಚಿದ ನಕ್ಷೆ

ಲೋಕಲ್ ರೈಲಿನ ಪಂಖ ಒಂದು ಸುತ್ತು ತಿರುಗಿ ನಿಂತಿತು, ಎದುರಿನವನು ಜೇಬಿನಿಂದ ಬಾಚಣಿಗೆ ತೆಗೆದು ಜಾಲರಿಯೊಳಗೆ ತೂರಿಸಿ ರೆಕ್ಕೆಯನ್ನು ನೂಕಿದ, ಇನ್ನೊಂದು ಸುತ್ತು, ಮತ್ತೆ ನಿಂತಿತು — ಬಿಡು ಮಹರಾಯ, ಅದಕ್ಕೂ ಸಾಕಾಗಿದೆ, ಶನಿವಾರ ಮಧ್ಯಾಹ್ನ ಅದಕ್ಕೂ ಅರ್ಧ ದಿನ ರಜೆ ಬೇಕು — ಕಂಕುಳಲ್ಲಿ ಟ್ರೇಸಿಂಗ್ ಪೇಪರಿನ ಸುರುಳಿ, ಬೆವರು ತಾಗಿದರೆ ಕಾಗದ ಹಪ್ಪಳದ ಹಾಗೆ ಉಬ್ಬುತ್ತದೆ, ಎತ್ತಿ ಹಿಡಿಯೋಣವೆಂದರೆ ತೋಳು ಕೇಳುತ್ತಿಲ್ಲ, ಬೈಕುಲ್ಲಾದಲ್ಲಿ ಹತ್ತಿದಾಗಿನಿಂದ ಒಂಟಿ ಕಾಲಲ್ಲಿ ನಿಂತಿದ್ದೇನೆ, ಇನ್ನೊಂದು ಕಾಲು ಯಾರ ಚೀಲದ ಮೇಲಿದೆಯೋ. ಜರಾ ಸರಕೋ ಭಾಯಿ, ಎಲ್ಲಿಗೆ ಸರಿಯಲಿ. ಇಷ್ಟು ವರ್ಷ ರೈಲ್ವೆ ಕಚೇರಿಯಲ್ಲಿ ಕೂತು ಸೇತುವೆಗಳ ನಕ್ಷೆ ಬರೆದೆ, ಹೊಳೆಯ ಮುಖ ನೋಡದೆ ಹೊಳೆಗೆ ಕಂಬ ನಿಲ್ಲಿಸಿದೆ, ಡ್ರಾಫ್ಟ್ಸ್‌ಮನ್ ಅಣವೀರಪ್ಪನ ಗೆರೆ ಅಂದರೆ ಗೆರೆ ಅನ್ನುತ್ತಾರೆ ಸಾಹೇಬರು, ಈಗ ಸ್ವಂತ ಹಿತ್ತಲಲ್ಲಿ ಒಂದು ಗ್ಯಾರೇಜು ಬರೆಯಲು ಬರುತ್ತಿಲ್ಲ. ಮನೆಗೆ ಅಂಟದೆ ಬೇರೆಯೇ ನಿಲ್ಲುವ ಗ್ಯಾರೇಜು, ಪೆಟ್ರೋಲಿನ ವಾಸನೆ ದೇವರ ಜಗುಲಿಗೆ ಬರಕೂಡದೆಂದು ಶರಣವ್ವನ ಕಟ್ಟಪ್ಪಣೆ, ಹೆಂಡತಿಯ ಮಾತು ಮೀರುವ ಗಂಡಸು ನಾನಲ್ಲ. ಅರ್ಧ ಗಾಡಿಗೆ, ಅರ್ಧ ನನ್ನ ಬೆಂಚಿಗೆ, ಅರ್ಜಿಯಲ್ಲಿ ಗ್ಯಾರೇಜು ಮತ್ತು ಹವ್ಯಾಸದ ಕೋಣೆ ಎಂದು ಬರೆಯುವಾಗ ನನಗೇ ನಗು ಬಂತು, ಹವ್ಯಾಸವಂತೆ, ಮುಲುಂಡಿನಲ್ಲಿ ಬದುಕುವವನಿಗೆ ಲೋಕಲ್ ಹಿಡಿಯುವುದೇ ಹವ್ಯಾಸ — ಆದರೂ ಮಂಚದ ಕೆಳಗೆ ನನ್ನ ಪ್ಲೈವುಡ್ ಸೇತುವೆಗಳಿವೆ, ನಾನೇ ಸಣ್ಣ ಗರಗಸದಿಂದ ಕೊಯ್ದು ಅಂಟಿಸಿದವು, ದಿನಾ ಕಸಬರಿಗೆ ತಾಗಿ ಒಂದೊಂದೇ ಮುರಿಯುತ್ತಿವೆ, ಅವಕ್ಕೊಂದು ಬೆಂಚು, ಉತ್ತರಕ್ಕೊಂದು ಕಿಟಕಿ, ಅರ ಗರಗಸ ತೂಗುಹಾಕಲು ಗೋಡೆಯಲ್ಲಿ ನಾಲ್ಕು ಮೊಳೆ, ನನ್ನ ಆಸೆ ಅಷ್ಟೇ. ಗಾಡಿಯ ಅರ್ಧ ಶರಣವ್ವನ ತಮ್ಮ ಭೀಮರಾಯನದು. ಬೈಕುಲ್ಲಾದ ಬಾಡಿಗೆ ಶೆಡ್ಡಿನಲ್ಲಿ ಮೋಟಾರು ರಿಪೇರಿ ಮಾಡುತ್ತಾನೆ, ಶೆಡ್ಡಿನ ಮಾಲೀಕ ಅಲ್ಲಿ ಬಿಲ್ಡಿಂಗ್ ಎಬ್ಬಿಸುತ್ತಾನಂತೆ, ಮಳೆಗಾಲದೊಳಗೆ ಖಾಲಿ ಮಾಡಬೇಕು, ಹೆಂಡತಿ ಮಕ್ಕಳ ಹೊಟ್ಟೆ ಅವನ ಸ್ಪ್ಯಾನರಿನ ಮೇಲಿದೆ, ಅಕ್ಕನ ಹಿತ್ತಲು ಬಿಟ್ಟು ಎಲ್ಲಿಗೆ ಹೋಗುತ್ತಾನೆ. ದಿನಕ್ಕ ಒಂದ ಗಾಡಿ ಬಂದರೂ ಸಾಕು ಮಾಮಾ, ಆದರ ಗುಂಡಿ ಬೇಕ ಬೇಕು, ಗುಂಡ್ಯಾಗ ನಿಂತು ಕೆಲಸಾ ಮಾಡತೀನಿ, ನೆಲದ ಮ್ಯಾಲ ಅಂಗಾತ ಬಿದ್ದು ಗಾಡಿ ಕೆಳಗ ತೂರಾಕ ಈ ನಡಾ ಒಲ್ಲೆ ಅಂತೈತಿ. ಹೌದು, ಅವನ ನಡ ನೋಡಿದ್ದೇನೆ, ಕುರ್ಚಿಯಿಂದ ಏಳಲು ಮೇಜು ಹಿಡಿಯುತ್ತಾನೆ, ಗುಂಡಿ ಬೇಡವೆಂದು ಯಾವ ಬಾಯಲ್ಲಿ ಹೇಳಲಿ.

ದಾದರ್, ನೂಕಿದರು, ನೂಕಿಸಿಕೊಂಡೆ, ಸುರುಳಿಯನ್ನು ಎದೆಗೆ ಅವುಚಿಕೊಂಡೆ. ಗುಂಡಿ, ಎಲ್ಲಾ ಯೋಚನೆ ಅಲ್ಲಿಗೇ ಬಂದು ನಿಲ್ಲುತ್ತದೆ, ಏಕೆಂದರೆ ಆ ಹಿತ್ತಲಲ್ಲಿ ನನ್ನ ಮಗಳಿದ್ದಾಳೆ. ಹೆಸರಿಡುವ ಮೊದಲೇ ಹೋದವಳು, ತೊಟ್ಟಿಲಿಗೆ ಹಗ್ಗ ಕಟ್ಟಿಯೂ ಆಗಿರಲಿಲ್ಲ. ಎಡಕ್ಕೆ ಗಾಡಿ ನಿಲ್ಲಿಸಿದರೆ ಗುಂಡಿ ಮಗಳ ಮೇಲೆ ಬರುತ್ತದೆ, ಬಲಕ್ಕೆ ನಿಲ್ಲಿಸಿದರೆ ಮಗಳು ಇಲ್ಲೇ ಇದ್ದಾಳೆಂದು ಶರಣವ್ವ ಪ್ರತಿದಿನ ಒಂದು ತಂಬಿಗೆ ನೀರು ಹಾಕುವ ಜಾಗದ ಮೇಲೆ ಬರುತ್ತದೆ, ಅಲ್ಲಿ ಮಗಳಿಲ್ಲ, ಅಲ್ಲಿ ಏನೂ ಇಲ್ಲ, ಅದು ನನಗೊಬ್ಬನಿಗೇ ಗೊತ್ತು. ಗ್ಯಾರೇಜನ್ನೇ ಸರಿಸೋಣವೆಂದರೆ ಆ ಬದಿಗೆ ಸಂಡಾಸದ ಟಾಂಕಿ, ಈ ಬದಿಗೆ ಸೊಸೈಟಿಯ ಗೋಡೆ, ಹಿಂದೆ ನಾಲಾ, ಮುಂದೆ ಅಡುಗೆಮನೆಯ ಬಾಗಿಲು, ಹಿತ್ತಲೆಂದರೆ ಅದೇನು ನಮ್ಮ ಊರಿನ ಹೊಲವೇ. ನಿನ್ನೆ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಒಂದೇ ನಕ್ಷೆಯನ್ನು ಕಿಟಕಿಯ ಗಾಜಿಗೆ ಒತ್ತಿ ನೋಡಿದೆ, ಬಲಕ್ಕೆ ಗಾಡಿ, ಎಡಕ್ಕೆ ಬೆಂಚು, ಕಾಗದವನ್ನು ಮಗುಚಿದೆ, ಎಡಕ್ಕೆ ಗಾಡಿ, ಬಲಕ್ಕೆ ಬೆಂಚು, ಟ್ರೇಸಿಂಗ್ ಪೇಪರಿಗೆ ಹಿಂದು ಮುಂದು ಇಲ್ಲ, ಅದಕ್ಕೆ ಎರಡೂ ಒಂದೇ, ಮಗುಚಿದೆ, ಮತ್ತೆ ಮಗುಚಿದೆ. ಏನ್ ಅಣವೀರಪ್ಪಾ, ಗಾಳಿಪಟ ಮಾಡ್ತೀರೇನು ಎಂದು ಪಕ್ಕದ ಮೇಜಿನವನು ನಕ್ಕ, ನಾನೂ ನಕ್ಕೆ, ನಗದೆ ಏನು ಮಾಡಲಿ.

ಅರವತ್ತಾರರ ಮಳೆಗಾಲ, ಆಗ ಮುಲುಂಡಿನ ಆ ಬದಿ ಬರೀ ಹುಲ್ಲು, ಅರ್ಧ ಎದ್ದ ಗೋಡೆಗೆ ತಗಡು ಹೊದಿಸಿ ಒಳಗಿದ್ದೆವು, ಮಾಟುಂಗದಿಂದ ಚನ್ನಬಸಯ್ಯನವರು ಬಂದರು, ಹುಟ್ಟಿದ ಕೂಸಿಗೆ ಲಿಂಗ ಕಟ್ಟಿದವರೂ ಅವರೇ, ಮಣ್ಣು ಕೊಡಲು ಬಂದವರೂ ಅವರೇ. ಹಾಲುಗೂಸನ್ನು ದೂರ ಒಯ್ಯೂದು ಬ್ಯಾಡ, ಸ್ವಂತ ಜಾಗಾ ಐತಿ, ಮನಿ ಹಿಂದ ಇಡೂಣು ಅಂದರು, ಕಲ್ಲು ಇಡಬ್ಯಾಡ್ರಿ, ಗಿಡಾ ಹಚ್ಚಬ್ಯಾಡ್ರಿ, ಗುರುತಾ ಮಾಡಬ್ಯಾಡ್ರಿ, ತಾಯಿಗಂತೂ ತೋರಸಲೇಬ್ಯಾಡ್ರಿ, ತೋರಿಸಿದರ ಮುಂದಿನ ಬಸರು ನಿಲ್ಲೂದುಲ್ಲ. ಶರಣವ್ವ ಒಳಗೆ ಬಾಣಂತಿ ಕಂಬಳಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಭೀಮರಾಯ ಆಗಿನ್ನೂ ಮೀಸೆ ಬಲಿಯದ ಹುಡುಗ, ಅಳುತ್ತಾ ರಸ್ತೆಯ ನಲ್ಲಿಯ ಹತ್ತಿರ ಹೋಗಿ ನಿಂತಿದ್ದ, ತೋಡಿದ್ದು ನಾನು. ನೆಲ ಮೆತ್ತಗಿತ್ತು, ಹಾರೆ ಬೇಕಾಗಲಿಲ್ಲ. ಅಯ್ಯನವರು ಕೊರಳಿನ ಲಿಂಗ ಬಿಚ್ಚಿ ಕೂಸಿನ ಎಡಗೈಯಲ್ಲಿಟ್ಟರು, ಬಾರಿಹಣ್ಣಿನಷ್ಟು ಕರಿಯ ಲಿಂಗ, ಕೈಯೂ ಅಷ್ಟೇ ಇತ್ತು, ಬೆರಳು ಮುಚ್ಚಲಿಲ್ಲ, ಲಿಂಗ ಜಾರಿತು, ಮತ್ತೆ ಇಟ್ಟರು, ಮತ್ತೆ ಜಾರಿತು, ನೀವು ಹಿಡೀರಿ ಅಂದರು ನನಗೆ, ನಾನು ಒಂದೊಂದೇ ಬೆರಳು ಮಡಚಿದೆ, ಕಿರುಬೆರಳು ಮೊದಲು, ಹೆಬ್ಬೆರಳು ಕೊನೆಗೆ, ಮುಚ್ಚಿಕೊಂಡಿತು. ತೋರಿಸಲಿಲ್ಲ, ಗುರುತು ಮಾಡಲಿಲ್ಲ, ಅಯ್ಯನವರು ಹೇಳಿದ್ದನ್ನೆಲ್ಲ ಮಾಡಿದೆ, ಆದರೂ ಮುಂದಿನ ಬಸಿರು ನಿಲ್ಲಲಿಲ್ಲ, ಆಮೇಲಿನದೂ ನಿಲ್ಲಲಿಲ್ಲ. ಈಗ ಅಯ್ಯನವರೂ ಇಲ್ಲ.

ಕುರ್ಲಾ ದಾಟಿತೇ, ಗಾಳಿ ಸ್ವಲ್ಪ ಬಂತು, ಬಾಚಣಿಗೆಯವನು ಇಳಿದುಹೋದ, ಪಂಖಕ್ಕೆ ಈಗ ನೂಕುವವರೂ ಇಲ್ಲ. ಆ ವರ್ಷವೇ ಮಳೆ ನಿಂತ ಮೇಲೆ ಹಿತ್ತಲಲ್ಲಿ ಒಂದು ತುಂಬೆ ಗಿಡ ಎದ್ದಿತು, ತಾನಾಗಿ, ಬಲಕ್ಕೆ, ಮಗಳಿಂದ ಒಂದು ಮಂಚದಷ್ಟು ದೂರ, ಬಿಳಿ ಹೂ ಬಿಟ್ಟಿತು, ಶರಣವ್ವ ಅದರ ಮುಂದೆ ಕೂತಳು, ಬಹಳ ಹೊತ್ತು ಕೂತಳು, ಶಿವನ ಹೂವಲ್ಲವೇ, ಎದ್ದು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಹಾಕಿದಳು. ನನ್ನನ್ನು ಏನೂ ಕೇಳಲಿಲ್ಲ, ತಾಯಿಗೆ ತೋರಿಸಬಾರದು, ನಾನು ಏನೂ ಹೇಳಲಿಲ್ಲ. ತುಂಬೆ ಆ ಬೇಸಿಗೆಯಲ್ಲೇ ಒಣಗಿತು, ನೀರು ನಿಲ್ಲಲಿಲ್ಲ, ಪೂಜೆ ಮುಗಿಸಿ ಬಂದು ಒಂದು ತಂಬಿಗೆ, ನಲ್ಲಿ ಬಾರದ ದಿನ ಕುಡಿಯುವ ಕೊಡದಿಂದಲೇ ಒಂದು ತಂಬಿಗೆ, ನೆಂಟರು ಬಂದಾಗ ಹಿಟ್ಟಿನ ಕೈಯಲ್ಲೇ ಒಂದು ತಂಬಿಗೆ, ಜೋಳದ ರೊಟ್ಟಿಯಗಲ ಒದ್ದೆ, ನೋಡುತ್ತಿದ್ದಂತೆ ಇಂಗುತ್ತದೆ, ಅವಳು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗುತ್ತಾಳೆ. ಎಡಗಡೆ ಒಣಗಿರುತ್ತದೆ. ಅಲ್ಲಿ ಅವಳು ಹಾಸಿಗೆ ಒಣಹಾಕುತ್ತಾಳೆ, ಸಂಡಿಗೆ ಇಡುತ್ತಾಳೆ, ಚಾಪೆ ಕೊಡವುತ್ತಾಳೆ, ನಾನು ಒಳಗಿನಿಂದ ನೋಡುತ್ತಾ ಹಲ್ಲು ಕಚ್ಚುತ್ತೇನೆ.

ಇವತ್ತು ಲೋಕಲ್ ಹಿಡಿಯುವ ಮೊದಲು ಭೀಮರಾಯನ ಶೆಡ್ಡಿಗೆ ಹೋಗಿದ್ದೆ, ಅವನಿಗೆ ನೆನಪಿದ್ದರೆ ಭಾರ ಅರ್ಧ ಅವನ ಹೆಗಲಿಗೆ, ಅಂತ ಆಸೆ. ಭೀಮಾ, ಹಿತ್ತಲದಾಗ ಕೂಸಿನ ಜಾಗಾ ನೆನಪೈತೇನೋ ಅಂದೆ. ಒಂದು ಅಂಬಾಸಡರಿನ ಕೆಳಗಿನಿಂದ ಅವನ ಕಾಲು ಮಾತ್ರ ಕಾಣುತ್ತಿತ್ತು, ಕಾಲು ಸುಮ್ಮನಾಯಿತು. ಅಕ್ಕಾ ನೀರು ಹಾಕತಾಳಲ್ಲ ಮಾಮಾ, ಅಲ್ಲೇ ಅಲ್ಲೇನು, ಅದಕ್ಕ ನಾ ಗುಂಡಿ ಎಡಕ್ಕ ಬರಲಿ ಅಂದದ್ದು. ಅಷ್ಟೇ. ಆಮೇಲೆ ಮೆಲ್ಲಗೆ ಹೊರಬಂದ, ಒಂದು ಮಗ್ಗುಲಾಗಿ, ಮೊಣಕೈ ಊರಿ, ನಡ ಹಿಡಿದು, ಮುಖ ಕಪ್ಪಿಟ್ಟಿತು, ಕೂತಲ್ಲೇ ನಕ್ಕ. ನಾಳೆ ಐತವಾರ ನಮ್ಮ ಶೆಡ್ಡಿನ ಆಳು ದೂಜನನ್ನ ಕಳಸತೀನಿ ಮಾಮಾ, ಗುಂಡಿ ತೋಡೂದರಾಗ ಅವನ ಕೈ ಯಾರೂ ಹಿಡಿಯೂದುಲ್ಲ, ಮಧ್ಯಾಹ್ನದೊಳಗ ಆಳುದ್ದ ತಗದು ಒಗೀತಾನ. ದೂಜನ ಗುದ್ದಲಿ. ಹಾಲುಗೂಸಿನ ಎಲುಬು ಇಷ್ಟು ಮಳೆಗೆ ಕರಗಿ ಮಣ್ಣಾಗಿರುತ್ತದೆ, ಅಷ್ಟು ನನಗೂ ಗೊತ್ತು, ಆದರೆ ಲಿಂಗ ಕರಗುವುದಿಲ್ಲ, ದೂಜ ಮಣ್ಣು ಎತ್ತಿ ಹಾಕುತ್ತಾನೆ, ಶರಣವ್ವ ಚಹಾ ತೆಗೆದುಕೊಂಡು ಹೊರಗೆ ಬರುತ್ತಾಳೆ, ಬುಟ್ಟಿಯಿಂದ ಒಂದು ಕರಿಯ ಗುಂಡು ಅವಳ ಕಾಲ ಬುಡಕ್ಕೆ ಉರುಳುತ್ತದೆ. ಅವಳಿಗೆ ಯಾರೂ ಹೇಳಬೇಕಾಗಿಲ್ಲ. ಇಷ್ಟು ವರ್ಷ ಬರೀ ಮಣ್ಣಿಗೆ ನೀರು ಹಾಕಿದೆನೇ ಎಂದು ಕೇಳುತ್ತಾಳೆ, ಕೇಳಿದರೆ ಪುಣ್ಯ, ಕೇಳದೆ ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರೆ. ಘಾಟ್‌ಕೋಪರ್, ಭಾಂಡೂಪ್, ಇಂದೇ ಹೇಳಿಬಿಡಲೇ, ಹೇಗೆ ಶುರು ಮಾಡುವುದು, ನೋಡು ಶರಣೀ, ಆ ತುಂಬೆ ಅದರಷ್ಟಕ್ಕೆ ಎದ್ದದ್ದು — ಇಲ್ಲ, ನನ್ನಿಂದಾಗುವುದಿಲ್ಲ. ಗಾಡಿ ಬಲಕ್ಕೆ ಅಂತ ಹಟ ಹಿಡಿಯುತ್ತೇನೆ, ಬೆಳಕು ಎಡದಿಂದ ಬಂದರೇ ಬೆಂಚಿಗೆ ಚೆಂದ ಅಂತ ಏನಾದರೂ ಒಂದು, ನಕ್ಷೆ ನನ್ನದು, ಬೈಸಿಕೊಂಡರಾಯಿತು, ಮಗಳ ಮೇಲೆ ಬೆಂಚು ಹಾಕಿ ಸುಮ್ಮನೆ ಕೂರುತ್ತೇನೆ, ಸೇತುವೆ ಮಾಡುತ್ತಾ.

ಮುಲುಂಡ್, ಇಳಿದೆ, ಇಳಿಸಲ್ಪಟ್ಟೆ, ಸುರುಳಿ ಒಂದು ತುದಿಯಲ್ಲಿ ಜಜ್ಜಿದೆ, ಬಿಸಿಲು ಇನ್ನೂ ತಲೆಯ ಮೇಲೆ, ಮನೆಯವರೆಗೆ ಹೇಗೆ ನಡೆದೆನೋ, ಚಪ್ಪಲಿ ಬಿಟ್ಟೆ, ನೀರು ಕುಡಿದೆ, ಕುಡಿದ ತಂಬಿಗೆಯನ್ನೇ ನೋಡುತ್ತಾ ನಿಂತೆ. ಹಾಕಿದ್ರೇನು ನಕ್ಷಾ, ತೋರಸ್ರಿ ನೋಡೂಣು ಎಂದು ಶರಣವ್ವ ತಾನೇ ಹಿತ್ತಲಿಗೆ ನಡೆದಳು, ನೆಲದ ಮೇಲೆ ಬಿಡಿಸಿದೆ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟೆ, ಅವಳು ಓದಿದವಳಲ್ಲ, ಆದರೆ ನನ್ನ ಗೆರೆ ಅವಳಿಗೆ ಅರ್ಥವಾಗುತ್ತದೆ, ಬೆರಳಿಟ್ಟು ಕೇಳಿದಳು, ಇದು ಬಾಗಲಾ, ಇದು ನಿಮ್ಮ ಬೆಂಚು, ಈ ಉದ್ದಂದು ಗುಂಡಿ ಹೌದಲ್ಲ, ತಲೆಯೆತ್ತಿ ಹಿತ್ತಲು ನೋಡಿದಳು, ಕಾಗದ ನೋಡಿದಳು, ಬಲಕ್ಕೆ ನೋಡಿದಳು, ಬೆರಳು ಗುಂಡಿಯ ಮೇಲೆಯೇ ನಿಂತಿತು. ಬೆಳಕು ಎಡದಿಂದ ಬಂದರ ಬೆಂಚಿಗೆ ಚಂದ ಅಂದೆ. ಅವಳು ನನಗೆ ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಇದನ್ನ ಮಗಚ್ರಿ ಅಂದಳು. ಗುಂಡಿ ಅತ್ಲಾಗ ತೋಡಸ್ರಿ, ಅಲ್ಲೇನೈತಿ, ಬರೇ ಮಣ್ಣು. ಬರೇ ಮಣ್ಣು ಅಂದಳು, ಎಡಗಡೆ ಕೈ ಮಾಡಿ ಅಂದಳು. ನಾನು ಕಲ್ಲು ಎತ್ತಿದೆ, ಕಾಗದ ಮಗುಚಿದೆ, ಮತ್ತೆ ಕಲ್ಲಿಟ್ಟೆ, ಬೆಂಚು ಬಲಕ್ಕೆ ಹೋಯಿತು, ಅವಳ ಮುಖ ಸಡಿಲಾಯಿತು. ಇನ್ನೊಂದು ಮಾತು ರೀ, ನೆಲಕ್ಕ ಸಿಮಿಟಿ ಹಾಕಸುವಾಗ ನಿಮ್ಮ ಬೆಂಚಿನ ಕೆಳಗ ಅಂಗೈಯಷ್ಟು ಜಾಗಾ ಬಿಡಸ್ರಿ, ನೀರು ಹಾಕಾಕ. ನನ್ನನ್ನು ನೋಡದೆಯೇ ಅಂದಳು. ಜೇಬಿನಿಂದ ಪೆನ್ಸಿಲು ತೆಗೆದು ಬೆಂಚಿನ ಕೆಳಗೆ ಒಂದು ಸಣ್ಣ ಸುತ್ತು ಬರೆದೆ, ಇಷ್ಟು ಸಾಕಾ, ಸಾಕು.

ದೂಜ ಬರೂದು ಬ್ಯಾಡ ಅಂದೆ, ಗುಂಡಿ ನಾನ ತೋಡತೀನಿ, ಈಗ. ಅವಳು ನಕ್ಕಳು, ಇವತ್ತು ಮೊದಲ ಸಲ ನಕ್ಕಳು, ನೀವಾ, ಪೆನ್ಸಲ್ ಹಿಡಿಯೂ ಕೈಲೆ, ಬೊಬ್ಬಿ ಏಳತಾವ, ಆಮ್ಯಾಲ ನನಗ ಎಣ್ಣಿ ಹಚ್ಚು ಅಂತೀರಿ. ಏಳಲಿ ಅಂದೆ, ಬಚ್ಚಲಿನ ಹಿಂದಿನಿಂದ ಗುದ್ದಲಿ ತಂದೆ, ಹಿಡಿ ಅಲ್ಲಾಡುತ್ತಿದೆ, ಚಹಾ ಮಾಡತೀನಿ ಎಂದು ಅವಳು ಒಳಗೆ ಹೋದಳು, ಸ್ಟೋವಿಗೆ ಪಂಪು ಹೊಡೆಯುವ ಸದ್ದು ಬರುತ್ತಿದೆ, ಅದು ನಿಲ್ಲುವುದರೊಳಗೆ, ಚಹಾ ಕುದಿಯುವುದರೊಳಗೆ ಆಗುತ್ತದೆಯೇ, ಆಗದಿದ್ದರೆ ಆಮೇಲೆ, ಅವಳು ರೊಟ್ಟಿ ಬಡಿಯುವಾಗ — ಮೊದಲು ಗುದ್ದಲಿ, ಮೊಳಕಾಲುದ್ದ ಆದ ಮೇಲೆ ಬರಿಗೈ, ಲಿಂಗ ಸಿಕ್ಕರೆ ಸೊಂಟಕ್ಕೆ ಕಟ್ಟಿಕೊಂಡು ಆ ಬದಿಗೆ ಹೋಗಬೇಕು, ಅವಳು ನೀರು ಹಾಕುವಲ್ಲಿ ಮೊಣಕೈಯುದ್ದ ತೋಡಿ ಇಡಬೇಕು, ಮಣ್ಣು ಮುಚ್ಚಬೇಕು, ನಾಳೆ ಬೆಳಿಗ್ಗೆ ಅವಳು ಪೂಜೆ ಮುಗಿಸಿ ತಂಬಿಗೆ ತರುವಷ್ಟರಲ್ಲಿ ಆ ಜಾಗ ನಿಜವಾಗಿರಬೇಕು, ಎಷ್ಟು ಸುಲಭ, ನಕ್ಷೆಯಲ್ಲಿ ಎಲ್ಲವೂ ಸುಲಭ. ಮೊದಲ ಪೆಟ್ಟು ಹಾಕಿದೆ, ಮೇಲ್ಮಣ್ಣು ಗಟ್ಟಿ, ಎರಡನೆಯದು, ಕೆಳಗೆ ಮೆತ್ತಗೆ, ಅವತ್ತಿನ ಹಾಗೆಯೇ ಮೆತ್ತಗೆ, ಮೊಳಕಾಲುದ್ದ ಆಯಿತು, ಗುದ್ದಲಿ ಬದಿಗಿಟ್ಟು ಮಂಡಿಯೂರಿದೆ, ಮಣ್ಣಿನೊಳಗೆ ಕೈ ಹಾಕಿದೆ, ಏನೂ ಇರುವುದಿಲ್ಲ, ಕೈ ಇರುವುದಿಲ್ಲ, ಬೆರಳು ಇರುವುದಿಲ್ಲ, ಬರೀ ಲಿಂಗ, ಎತ್ತಿಕೊಂಡರಾಯಿತು, ಅಂತ ಹೇಳಿಕೊಳ್ಳುತ್ತೇನೆ, ಕೈ ಕೆಳಗಿಳಿಯುತ್ತಿಲ್ಲ, ಕಣ್ಣ ಮುಂದೆ ಆ ಎಡಗೈ, ಜಾರಿತು, ಮತ್ತೆ ಇಟ್ಟರು, ಕಿರುಬೆರಳು ಮೊದಲು, ಹೆಬ್ಬೆರಳು ಕೊನೆಗೆ, ನಾನೇ ಮುಚ್ಚಿದ ಬೆರಳು, ಈಗ ನಾನೇ ಬಿಡಿಸಬೇಕು, ಹೆಬ್ಬೆರಳು ಮೊದಲು, ಹೆಬ್ಬೆರಳು —