ಕೊಬ್ಬರಿ ಮನೆಯ ಚಿಲಕ

ಶಿವರುದ್ರಮ್ಮ ಸರಿಯಾಗಿ ಉಣ್ಣುವುದಿಲ್ಲ ಎಂಬುದು ಮಾಯಸಂದ್ರದ ಸುತ್ತಮುತ್ತಲ ನೆಂಟರಿಗೆಲ್ಲ ಗೊತ್ತಿತ್ತು. ಯಾಕೆ ಉಣ್ಣುವುದಿಲ್ಲ ಎಂದು ಮಾತ್ರ ಒಬ್ಬರೂ ಕೇಳಿರಲಿಲ್ಲ. ಬಂದವರು ಅವಳ ಸೊರಗಿದ ಮುಖ ನೋಡಿ ಲೊಚಗುಟ್ಟಿ, "ಕಾಯಿಹಾಲು ಕುಡಿ ಕಣವ್ವ, ಕೊಬ್ಬರಿ ಬೆಲ್ಲ ತಿನ್ನು, ಮೈ ಹತ್ತುತ್ತೆ" ಎಂದು ಬುದ್ಧಿ ಹೇಳಿ, ಅವಳ ಕೈಯಲ್ಲೇ ಕಾಫಿ ಕಾಯಿಸಿಕೊಂಡು ಕುಡಿದು ಹೋಗುತ್ತಿದ್ದರು. ತೆಂಗಿನ ಸೀಮೆಯಲ್ಲಿ ಕಾಯಿ ಯಾರಿಗಾದರೂ ಒಗ್ಗುವುದಿಲ್ಲ ಎಂದರೆ ನಂಬುವವರು ಯಾರು? ಬೇಡ ಎಂದರೆ ಸೊಕ್ಕು ಅನ್ನುತ್ತಿದ್ದರು.

ಅವಳ ಹೊಟ್ಟೆನೋವಿಗೆ ಮೊದಲು ಕರುಳಿನ ಟಿಬಿ ಎಂದು ವರ್ಷಗಟ್ಟಲೆ ಮಾತ್ರೆ ನುಂಗಿಸಿದ್ದರು. ಕೊನೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು, ಇದು ಟಿಬಿ ಅಲ್ಲ, ಕ್ರೋನ್ಸ್ ಎಂಬ ಕಾಯಿಲೆ ಎಂದರು. ಕೆಟ್ಟಿದ್ದ ಕರುಳನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಜೋಡಿಸಿ ಹೊಲಿದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಕೈಹಿಡಿದುಕೊಂಡು ಹೇಳಿದ್ದರು: "ಕಾಯಿಲೆ ಪೂರ್ತಿ ಹೋಯ್ತು ಅಂದ್ಕೋಬೇಡಿ. ಜಿಡ್ಡು, ತೆಂಗಿನಕಾಯಿ ಬಿಡಿ. ಸ್ವಲ್ಪ ಸ್ವಲ್ಪ ಆಗಾಗ ಊಟ ಮಾಡಿ. ತಿಂದ ಮೇಲೆ ಅವಸರ ಆಗುತ್ತೆ, ತಡೀಬೇಡಿ."

ತಡೀಬೇಡಿ! ಆ ಪುಣ್ಯಾತ್ಗಿತ್ತಿಗೇನು ಗೊತ್ತು, ಈ ಮನೆಯಲ್ಲಿ ಕಕ್ಕಸ್ಸೇ ಇಲ್ಲವೆಂದು. ಕೊಬ್ಬರಿ ಒಣಗಿಸಲು ಅಟ್ಟವಿದ್ದ, ಸುಣ್ಣ ಬಳಿದ ಪ್ರತ್ಯೇಕ ಮನೆಯಿತ್ತು, ಅದಕ್ಕೆ ಮಂಗಳೂರು ಹೆಂಚಿತ್ತು, ತೇಗದ ಬಾಗಿಲಿತ್ತು. ಹೆಂಗಸರಿಗೆ ಮಾತ್ರ ತೋಟದ ಮರೆ. ಅದೂ ಬೆಳಕು ಹರಿಯುವ ಮುಂಚೆ, ಇಲ್ಲವೆ ಕತ್ತಲಾದ ಮೇಲೆ. ನಡುವೆ ಗಂಡಸರ ಓಡಾಟ, ತಡೆದುಕೊಳ್ಳಬೇಕು. ಗಟ್ಟಿ ಕರುಳಿನವರು ತಡೆದುಕೊಂಡಾರು. ಹೊಲಿಗೆ ಹಾಕಿದ ಕರುಳು ಹೊತ್ತು ಮುಳುಗಲೆಂದು ಕಾಯುತ್ತದೆಯೆ? ಎರಡು ಸಲ ದಾರಿಯಲ್ಲೇ ಸೀರೆ ಕೆಟ್ಟಿತ್ತು. ಆ ಅವಮಾನಕ್ಕೆ ಹೆದರಿ ಶಿವರುದ್ರಮ್ಮ ತಾನೇ ಔಷಧಿ ಕಂಡುಕೊಂಡಿದ್ದಳು. ಹಗಲು ಉಣ್ಣದೇ ಇರುವುದು.

ಗಂಡ ತೋಂಟದಾರ್ಯ ಕೆಟ್ಟವನಲ್ಲ, ಆದರೆ ಅಣ್ಣನ ಮುಂದೆ ಅವನಿಗೆ ಬಾಯಿರಲಿಲ್ಲ. ಅವಳ ಕಾಟ ತಡೆಯಲಾರದೆ ಒಮ್ಮೆ ಕೇಳಿದ: "ಅಣ್ಣಯ್ಯ, ಕೊಬ್ಬರಿ ಮನೆ ಹಿಂದೆ ಒಂದು ಗುಂಡಿ ತೋಡ್ಸಿ ನಾಕು ಗೋಡೆ ಎಬ್ಬಿಸ್ಬೋದಾ?"

ಯಜಮಾನ ಪರಮಶಿವಯ್ಯ ತಮ್ಮನ ಹೆಂಡತಿಯನ್ನು ನೇರವಾಗಿ ಮಾತಾಡಿಸುವವರಲ್ಲ, ಅದು ಆ ಮನೆಯ ಮರ್ಯಾದೆ. ಅವಳು ಬಾಗಿಲ ಸಂದಿಯಲ್ಲಿದ್ದಾಳೆಂದು ಗೊತ್ತಿದ್ದೇ ಗಟ್ಟಿಯಾಗಿ ಹೇಳಿದರು: "ಲೇ, ನಿನ್ನೆಂಡ್ರಿಗೇಳು. ಅಟ್ಟದ ಮಗ್ಗುಲಲ್ಲಿ ಕಕ್ಕಸ್ಸು ಕಟ್ಟುದ್ರೆ ಕೊಬ್ಬರಿಗೆ ವಾಸ್ನೆ ಹತ್ತುತ್ತೆ. ತಿಪಟೂರಿನ ಮಾರ್ಕೆಟ್ಟಲ್ಲಿ ನಮ್ಮ ಕೊಬ್ಬರೀಗೆ ಒಂದು ಹೆಸರೈತೆ."

ಅದೇ ಅಟ್ಟದ ಕೆಳಗೆ ದಿನಾ ರಾತ್ರಿ ಎರಡು ಎಮ್ಮೆ ಕಟ್ಟುತ್ತಿದ್ದರು. ಎಮ್ಮೆಯ ಸಗಣಿಯಿಂದ ಹತ್ತದ ವಾಸನೆ ಸೊಸೆಯಿಂದ ಹತ್ತುತ್ತದಂತೆ! ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇದಕ್ಕೇ.

ವರ್ಷಕ್ಕೊಮ್ಮೆ ಅಟ್ಟದಿಂದ ಕಾಯಿ ಇಳಿಸುವ ದಿನಗಳಂತೂ ಅವಳಿಗೆ ನರಕ. ಸುಮಾರು ವರ್ಷವಿಡೀ ಅಟ್ಟದಲ್ಲಿ ಒಣಗಿ, ಒಳಗಿನ ಕೊಬ್ಬರಿ ಗುಡುಗುಡು ಅನ್ನುವ ಕಾಯಿಗಳನ್ನು ಇಳಿಸಿ, ಮಟ್ಟೆ ಸುಲಿದು, ಕರಟ ಒಡೆದು ಉಂಡೆ ಕೊಬ್ಬರಿ ತೆಗೆಯಬೇಕು. ಅಂಗಳದ ತುಂಬ ಸುಲಿಯುವ ಆಳುಗಳು, ತೋಟದ ತುಂಬ ಹೊಸ ಕಾಯಿ ಹೊರುವ ಗಾಡಿಗಳು. ಹೋದ ವರ್ಷ ಹಸಿವಿನಿಂದ ಒಲೆಯ ಮುಂದೆಯೇ ಬಿದ್ದಿದ್ದಳು. ವಾರಗಿತ್ತಿ ಕಲ್ಲಮ್ಮ ದೃಷ್ಟಿ ತೆಗೆದಿದ್ದಳು. ಅನ್ನ ಬೇಕಾದವಳಿಗೆ ಮೆಣಸಿನಕಾಯಿ ಹೊಗೆ!

ಈ ಸಲ ಅಟ್ಟ ಬರಿದಾದ ದಿನ ಶಿವರುದ್ರಮ್ಮ ಮುಂಜಾನೆಯಿಂದ ಅಷ್ಟೂ ಆಳುಗಳಿಗೆ ಬೇಯಿಸಿ ಹಾಕಿದಳು. ಹಪಹಪಿಸಿ ಉಣ್ಣುವವರನ್ನು ನೋಡುತ್ತ ನೋಡುತ್ತ ಅವಳಿಗೆ ಕೋಪ ನೆತ್ತಿಗೇರಿತು. ಈ ಮನೆಯಲ್ಲಿ ಬೇಯಿಸುವುದಕ್ಕೆ ನಾನು ಬೇಕು, ಉಣ್ಣುವುದಕ್ಕೆ ಬೇಡವೆ? ತಟ್ಟೆ ಎಳೆದುಕೊಂಡು ಅನ್ನ, ತಿಳಿಸಾರು ಬಡಿಸಿಕೊಂಡು ಹೊಟ್ಟೆ ತುಂಬ ಉಂಡಳು. ಕಲ್ಲಮ್ಮ ಕಣ್ಣರಳಿಸಿ ನೋಡಿದಳು.

ಉಂಡು ಕೈತೊಳೆಯುವಷ್ಟರಲ್ಲಿ ಕರುಳು ಹಿಂಡಿತು. ಹಿತ್ತಲಲ್ಲಿ ಗಾಡಿಯವರು, ಅಂಗಳದಲ್ಲಿ ಸುಲಿಯುವ ಚಿಕ್ಕರಂಗಯ್ಯನ ತಂಡ. ಎದುರಿಗೆ ಕೊಬ್ಬರಿ ಮನೆಯ ಬಾಗಿಲು ತೆರೆದಿತ್ತು, ಒಳಗೆ ಒಂದು ಕಾಯಿಯೂ ಇರಲಿಲ್ಲ. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಅರ್ಧದಷ್ಟು ಒಲೆಯ ಬೂದಿ ತುಂಬಿದ ಹಳೇ ಡಬ್ಬ ಹಿಡಿದು, ಅವಳು ಗಂಡಸರ ನಡುವೆಯೇ ಅಂಗಳ ದಾಟಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಪರಮಶಿವಯ್ಯ ತಮ್ಮನ ಮೇಲೆ ಹರಿಹಾಯ್ದರು: "ಏನ್ಲಾ ಇದು? ಮನೆ ಮಾನ ಕಳೀತಾವ್ಳಲ್ಲೋ!"

ಡಬ್ಬದ ಬೂದಿಯನ್ನೇ ಕೆದಕಿ ಮೇಲೆ ಮುಚ್ಚಿ, ಸೀರೆ ಸರಿಮಾಡಿಕೊಂಡು, ಬಾಗಿಲು ತೆರೆಯದೆಯೇ ಶಿವರುದ್ರಮ್ಮ ಮೊಟ್ಟಮೊದಲ ಬಾರಿಗೆ ಅವರನ್ನೇ ಉದ್ದೇಶಿಸಿ ಮಾತಾಡಿದಳು. "ಭಾವ, ಕೊಬ್ಬರಿಗೆ ವಾಸ್ನೆ ಹತ್ತುತ್ತೆ ಅಂದ್ರಿ, ನಾನು ಕೊಬ್ಬರಿ ಖಾಲಿ ಆಗೋಗಂಟ ಕಾದಿವ್ನಿ. ಈಗ ಯಾವುದಕ್ಕೆ ಹತ್ತುತ್ತೆ? ಡಬ್ಬ ನಾನೇ ತಿಪ್ಪೆಗೆ ಸುರೀತೀನಿ, ಯಾರೂ ಮೂಗು ಮುಚ್ಕೋಬೇಡಿ. ಇನ್ಮೇಲೆ ಇದೇ ನನ್ನ ಜಾಗ."

"ಹೊಸ ಕಾಯಿ ಏರುಸ್ಬೇಕು, ಏಣಿ ಒಳಗೈತೆ! ಮೋಡ ಬೇರೆ ಆಗೈತೆ! ನೆಲದ ಮೇಲೆ ನೆಂದ್ರೆ ಮೊಳಕೆ ಬತ್ತವೆ!" ಪರಮಶಿವಯ್ಯ ಈಗ ತಮ್ಮನನ್ನು ಮರೆತು ಬಾಗಿಲಿಗೇ ಕೂಗುತ್ತಿದ್ದರು.

"ಬರ್ಲಿ ಬುಡಿ. ನಾನು ಒಣಗ್ತಾ ಇದ್ದಾಗ ಯಾರೂ ಮೋಡ ನೋಡ್ಲಿಲ್ಲ."

ಚಿಕ್ಕರಂಗಯ್ಯ ಕೆಮ್ಮಿದಂತೆ ಮಾಡಿ ನಗು ನುಂಗಿದ. ತೋಂಟದಾರ್ಯ ಅಣ್ಣನ ಮುಖ ನೋಡಿದ, ಚಿಲಕ ಹಾಕಿದ ಬಾಗಿಲು ನೋಡಿದ. ಆಮೇಲೆ ಏನನ್ನೂ ಕೇಳದೆ ಗುದ್ದಲಿ ತೆಗೆದುಕೊಂಡು ಕೊಬ್ಬರಿ ಮನೆಯ ಹಿಂದಕ್ಕೆ ನಡೆದ. ಮೊದಲ ಏಟಿನ ಸದ್ದು ಗೋಡೆಯಾಚೆ ಕೇಳಿದಾಗ ಶಿವರುದ್ರಮ್ಮನಿಗೆ ಅಳು ಬಂತು. ಆದರೂ ಗುಂಡಿ ಎದೆಮಟ್ಟ ಆಗುವವರೆಗೆ ಅವಳು ಚಿಲಕ ತೆಗೆಯಲಿಲ್ಲ.

ಗೋಡೆ ಎದ್ದಿತು, ತಗಡಿನ ಬಾಗಿಲೂ ಬಂತು. ಅವಳು ಹಗಲು ಉಣ್ಣತೊಡಗಿದಳು. ಕರುಳಿನ ರಗಳೆ ತಪ್ಪಲಿಲ್ಲ, ಓಡುವುದು ತಪ್ಪಲಿಲ್ಲ. ಆದರೆ ಓಡಿ ಸೇರಲು ಒಂದು ಜಾಗವಿತ್ತು, ಕೆನ್ನೆ ತುಂಬಿಕೊಂಡಿತು. ನೆಂಟರು ಮೆಚ್ಚಿದರು, ಅವಳನ್ನಲ್ಲ. "ನಮ್ಮನೆ ಹೆಣ್ಮಗಳು ಕಷ್ಟ ಪಡಬಾರ್ದು ಅಂತ ನಾನೇ ಕಟ್ಟುಸ್ದೆ" ಎಂದು ಪರಮಶಿವಯ್ಯ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಕೊಬ್ಬರಿಗೆ ಯಾವ ವಾಸನೆಯೂ ಹತ್ತಲಿಲ್ಲ.

ಒಂದು ದಿನ ಬೆಳಿಗ್ಗೆ ರೊಟ್ಟಿ ತಿಂದವಳು ಚೊಂಬು ಹಿಡಿದು ಓಡಿದರೆ, ತಗಡಿನ ಬಾಗಿಲು ಒಳಗಿನಿಂದ ಮುಚ್ಚಿತ್ತು. ಬಾಗಿಲ ಮುಂದೆ ಪರಮಶಿವಯ್ಯನವರ ಮೆಟ್ಟು. ಒಳಗಿನಿಂದ ಬೀಡಿ ಹೊಗೆ ನಿಧಾನವಾಗಿ ಬರುತ್ತಿತ್ತು.

ಶಿವರುದ್ರಮ್ಮ ಚೊಂಬಿನಿಂದ ತಗಡಿಗೆ ಬಡಿದಳು.

"ಭಾವ, ಎದ್ ಬನ್ನಿ. ನಿಮ್ಗೆ ತೋಟ ಐತೆ."