ಜ್ವಾಳಿಗೆ ತತ್ತಿ

ನನ್ನ ಪಗಾರದಲ್ಲಿ ನಾಯಿ ಸಾಕಬಾರದು ಎಂದು ಮೊದಲು ಹೇಳಿದವನು ನನ್ನ ಅಣ್ಣ ಸಂಗನಬಸವ. ಆಮೇಲೆ ಅವ್ವ ಹೇಳಿದಳು. ಕಾಲೇಜಿನ ಲ್ಯಾಬಿನಲ್ಲಿ ನನ್ನ ಜೊತೆ ಬಾಟಲಿ ತೊಳೆಯುವವರೂ ಹೇಳಿದರು. ಇಷ್ಟು ಮಂದಿ ಕೂಡಿ ಒಂದೇ ಮಾತು ಹೇಳಿದರೆ ಅದರ ವಿರುದ್ಧ ಮಾಡದ ಹೊರತು ನನಗೆ ನಿದ್ದೆ ಬರುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ, ಹಾಗೆ.

ವಿಜಯಪುರದ ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ ನನ್ನದೊಂದು ಬಾಡಿಗೆ ಕೋಣೆ. ಆ ರಸ್ತೆಯ ಗಟಾರದಲ್ಲಿ ಸಿಕ್ಕ ಹೆಣ್ಣುಮರಿ ಅದು. ಬಿಳಿಜೋಳದ ಬಣ್ಣ, ಅದಕ್ಕೇ ಜ್ವಾಳಿ ಎಂದು ಹೆಸರಿಟ್ಟೆ. ನಮ್ಮ ಕಡೆ ನಾಯಿಗೆ ಏನು ಹಾಕುತ್ತಾರೋ ಅದನ್ನೇ ಹಾಕಿದೆ: ಹಾಲಿನಲ್ಲಿ ನೆನೆಸಿದ ರೊಟ್ಟಿ. ಆರು ತಿಂಗಳಾದರೂ ಮೈ ಹಿಡಿಯಲಿಲ್ಲ. ಕೂದಲು ಉದುರಿತು, ಹೊಟ್ಟೆ ಕೆಟ್ಟಿತು, ಪಕ್ಕೆಲುಬು ಎದ್ದು ಕಂಡವು.

ಟಿಕೋಟಾದ ನಮ್ಮ ಮನೆಗೆ ಕರೆದುಕೊಂಡು ಹೋದಾಗ ಅಣ್ಣ ಅದನ್ನು ನೋಡಿ ನಕ್ಕ.

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು. ನಂದಾ, ನಿನ್ನ ಪಗಾರ ನಿನಗಽ ಸಾಲೂದಿಲ್ಲ, ನಾಯಿಗೆ ಏನ ಹಾಕ್ತಿ? ಸುಗ್ಗಿ ಮುಗಿಯೂ ತನಕ ನೋಡ್ತೀನಿ. ಹಿಂಗಽ ಎಲಬು ಕಂಡ್ರ ತಂದು ಶೆಡ್ಡಿನಾಗ ಕಟ್ಟಿಬಿಡ್ತೀನಿ."

ನಮ್ಮದು ದ್ರಾಕ್ಷಿ ತೋಟ. ಹಣ್ಣನ್ನು ನಾವೇ ಶೆಡ್ಡಿನಲ್ಲಿ ಒಣಗಿಸಿ ಮಾರುತ್ತೇವೆ. ಆ ಶೆಡ್ಡಿಗೆ ಕಾವಲಿಗೆಂದು ಅಣ್ಣ ಪ್ರತಿಸಲ ಒಂದು ನಾಯಿ ತಂದು ಸರಪಳಿ ಹಾಕುತ್ತಿದ್ದ. ಎರಡು ಸುಗ್ಗಿ ಕಂಡ ನಾಯಿ ಅಲ್ಲಿ ಒಂದೂ ಇಲ್ಲ. ಜ್ವಾಳಿಯನ್ನು ಅಲ್ಲಿ ಕಟ್ಟುವುದೆಂದರೆ ಕೊಲ್ಲುವುದೇ ಎಂದು ನನಗೆ ಅನ್ನಿಸಿತು. ನನ್ನ ನಾಯಿಯನ್ನು ನನ್ನ ಪಗಾರದಲ್ಲೇ ದುಂಡಗೆ ಮಾಡಿ ತೋರಿಸುತ್ತೇನೆ ಎಂದು ಅಂಗಳದಲ್ಲಿ ನಿಂತೇ ಹೇಳಿ ಬಂದೆ.

ಹೇಳುವುದು ಸುಲಭ. ಬಬಲೇಶ್ವರದ ಡಾಕ್ಟರ್ ಬಸಲಿಂಗಯ್ಯನವರು ಸಂಜೆ ಹೊತ್ತು ನಮ್ಮ ಲೇಔಟಿಗೆ ಬಂದು ದನಕರು, ನಾಯಿ ನೋಡುತ್ತಾರೆ. ಅವರ ಮುಂದೆ ಜ್ವಾಳಿಯನ್ನು ನಿಲ್ಲಿಸಿದೆ.

"ನೀವು ಸಾಕಿದ್ದು ನಾಯೀನೋ ಆಕಳ ಕರಾನೋ?" ಎಂದರು. "ಹಾಲು ಬಿಡ್ರಿ ಮೊದಲ, ಅದಽ ಹೊಟ್ಟಿ ಕೆಡಸಾಕತ್ತೈತಿ. ರೊಟ್ಟಿ ಮ್ಯಾಲ ನಾಯಿ ಬದುಕತೈತಿ, ಬೆಳಿಯೂದಿಲ್ಲ. ಮಾಂಸ ಹಾಕ್ರಿ. ಆಗಲಿಲ್ಲಾ, ಕೋಳಿ ತತ್ತಿ ಹಾಕ್ರಿ."

"ಅಂಗಡ್ಯಾಗ ನಾಯಿ ಊಟದ ಚೀಲ ಸಿಗ್ತಾವಲ್ರಿ?"

"ಸಿಗ್ತಾವು. ಮುಂದಿನ ಚಿತ್ರ ನೋಡಬ್ಯಾಡ್ರಿ, ಹಿಂದ ಬರದದ್ದು ಓದ್ರಿ. ಮೊದಲನೇ ಹೆಸರು ಯಾವುದು ಇರತೈತಿ, ಅದಽ ಒಳಗ ಹೆಚ್ಚಿಗಿ ಇರತೈತಿ."

ಬಾಟಲಿಯ ಚೀಟಿ ಓದುವುದೇ ನನ್ನ ಕೆಲಸ. ಮರುದಿನ ಸ್ಟೇಷನ್ ರಸ್ತೆಯ ಅಂಗಡಿಗೆ ಹೋದೆ. ಅಂಗಡಿಯ ಅಮೋಲ ನನ್ನ ಚಪ್ಪಲಿ ನೋಡಿದ, ಆಮೇಲೆ ಮಿರಿಮಿರಿ ಮಿಂಚುವ ಒಂದು ಚೀಲ ಮುಂದಿಟ್ಟ. ಅದರ ಮೇಲೆ ಹಸಿರು ಹುಲ್ಲಿನಲ್ಲಿ ಓಡುವ ದೊಡ್ಡ ನಾಯಿ, ಪಕ್ಕದಲ್ಲಿ ಮಾಂಸದ ದಪ್ಪ ತುಂಡು. ತಿರುಗಿಸಿ ಓದಿದೆ. ಮೊದಲು ಗೋವಿನಜೋಳ, ಆಮೇಲೆ ಗೋದಿ, ಆಮೇಲೆ ಅಕ್ಕಿ ತೌಡು. ಮಾಂಸ ಎಲ್ಲೋ ಕೆಳಗೆ, ಬಣ್ಣದ ಪುಡಿಯ ನೆರೆಯಲ್ಲಿ ಕುಳಿತಿತ್ತು. ಈ ಬೆಲೆಗೆ ಗೋವಿನಜೋಳ ತಿನ್ನಿಸುವುದಾದರೆ ನಮ್ಮೂರ ಸಂತೆಯೇ ಸಾಕಲ್ಲ! ನಾಯಿ ಬಣ್ಣ ಕೇಳುತ್ತದೆಯೇ? ಬಣ್ಣ ನಮ್ಮಂಥ ಕೊಳ್ಳುವವರಿಗೆ.

"ಅಗ್ಗದ್ದು ಬೇಕಂದ್ರ ಸಡಲ ಐತ್ರಿ," ಎಂದು ಅವನು ಬಾಯಿ ತೆರೆದ ಗೋಣಿಚೀಲ ತೋರಿಸಿದ. ಒಂದು ಮುಷ್ಟಿ ಎತ್ತಿ ಮೂಸಿದೆ. ಹಳೇ ಎಣ್ಣೆಯ ಕಮಟು ವಾಸನೆ.

"ಇದನ್ನ ನೀವು ಸಾಕಿದ ನಾಯಿಗೆ ಹಾಕ್ತೀರೇನು?" ಎಂದು ಕೇಳಿದೆ. ಅಮೋಲ ಗೋಣಿಚೀಲದ ಬಾಯಿ ಮಡಚಿದ.

ಮೂಲೆಯಲ್ಲಿ ಧೂಳು ಹಿಡಿದ ಒಂದು ಬೋಳು ಚೀಲವಿತ್ತು. ಚಿತ್ರವಿಲ್ಲ, ಹೊಳಪಿಲ್ಲ. ಹಿಂದೆ ಬರೆದದ್ದರಲ್ಲಿ ಮೊದಲ ಹೆಸರೇ ಕೋಳಿಯದು, ತಾರೀಖೂ ತಾಜಾ ಇತ್ತು. ಬೆಲೆ ನಡುಮಧ್ಯ. ಆದರೂ ಅದೊಂದರಿಂದಲೇ ಹೊಟ್ಟೆ ತುಂಬಿಸಿದರೆ ತಿಂಗಳ ಕೊನೆಗೆ ನಾನು ಉಪವಾಸ ಬೀಳಬೇಕು. ಡಾಕ್ಟರನ್ನು ಕೇಳಿ ಒಂದು ದಾರಿ ಮಾಡಿದೆ. ಆ ಬೋಳು ಚೀಲದ ಕಾಳು ಸ್ವಲ್ಪ, ಮೆತ್ತಗೆ ಕುದಿಸಿದ ಜೋಳದ ನುಚ್ಚು, ಬೇಯಿಸಿದ ಕುಂಬಳಕಾಯಿ, ಮತ್ತು ದಿನಾ ತತ್ತಿ. ಉಳ್ಳಾಗಡ್ಡಿ, ಉಪ್ಪು, ಖಾರ ಇಲ್ಲ.

ತತ್ತಿಯೇ ತೊಡಕು. ನಮ್ಮ ಮನೆಯಲ್ಲಿ ಲಿಂಗಪೂಜೆಯಾಗದೆ ನೀರೂ ಕುಡಿಯದವರು. ತತ್ತಿ ಎಂಬ ಮಾತನ್ನೂ ಅವ್ವ ಅಡುಗೆಮನೆಯಲ್ಲಿ ಆಡಗೊಡುವುದಿಲ್ಲ. ಅದಕ್ಕಿಂತ ಹೆಚ್ಚಿನ ತೊಡಕು, ಆ ತತ್ತಿ ಎಲ್ಲಿ ಅಗ್ಗ ಎಂಬುದು. ನಮ್ಮ ತೋಟದ ಬೇಲಿಗೆ ಹತ್ತಿದ ತುಂಡು ಹೊಲದಲ್ಲಿ ಮುನೀರಾ ಕೋಳಿ ಸಾಕಿದ್ದಾಳೆ. ಗಂಡ ಹೋದ ಮೇಲೆ ತಾನೇ ಗೂಡ್ಸ್ ಆಟೋ ಓಡಿಸಿಕೊಂಡು ಬಬಲೇಶ್ವರದ ಖಾನಾವಳಿಗಳಿಗೆ ತತ್ತಿ ಹಾಕಿ ಬರುವ ಗಟ್ಟಿಗಿತ್ತಿ. ಸೀಳುಬಿಟ್ಟ ತತ್ತಿ ಖಾನಾವಳಿಯವರು ಮುಟ್ಟುವುದಿಲ್ಲ. ಅವನ್ನು ಅವಳು ಅರ್ಧ ದರಕ್ಕೆ ಕೊಡುತ್ತಾಳೆ.

ಆದರೆ ನಮ್ಮ ಮನೆಗೂ ಅವಳಿಗೂ ಮಾತಿಲ್ಲ. ಶೆಡ್ಡಿನ ನಾಯಿಗಳು ಅವಳ ಕೋಳಿ ಹಿಡಿಯುತ್ತಿದ್ದವು, ಅವಳು ಬೇಲಿಯ ಆಚೆ ನಿಂತು ಬೈಯುತ್ತಿದ್ದಳು. ಆಮೇಲೆ ನಾಯಿ ಸಾಯುತ್ತಿತ್ತು. ಮುನೀರಾ ವಿಷ ಹಾಕಿದಳು ಎಂದು ಅವ್ವ ತೀರ್ಮಾನ ಮಾಡಿಬಿಟ್ಟಳು. ಕಳೆದ ಸಲವಂತೂ ಬೇಲಿಯ ಹತ್ತಿರ ನಿಂತು, ನಿನ್ನ ಮನೆ ಹಾಳಾಗಲಿ ಎಂದು ಮಣ್ಣು ತೂರಿದ್ದಳು. ನಮ್ಮ ಕಡೆ ಹೆಣ್ಣುಮಗಳು ಮಣ್ಣು ತೂರಿದಳೆಂದರೆ ಅದಕ್ಕಿಂತ ದೊಡ್ಡ ಶಾಪವಿಲ್ಲ. ಊರಿನವರು ಆಮೇಲೆ ಮುನೀರಾಳನ್ನು ನೋಡುವ ರೀತಿಯೇ ಬೇರೆಯಾಯಿತು.

ನಾನು ಒಂದು ಐತವಾರ ರಜೆಗೆ ಊರಿಗೆ ಹೋಗಿ, ಹಾಡುಹಗಲೇ, ಅವ್ವನ ಕಣ್ಣೆದುರೇ ಬೇಲಿ ದಾಟಿ ತತ್ತಿ ತಂದೆ.

"ಆಕೀ ಕೈಯಾನ ತತ್ತಿ?" ಅವ್ವ ಮೊರದಲ್ಲಿದ್ದ ಜೋಳ ಬಿಟ್ಟು ಎದ್ದಳು. "ನಾಯಿ ಕೊಂದಾಕಿ ಕಡಿಂದ ನಾಯಿಗೆ ಊಟ ತರ್ತೀಯೇನಬೇ?"

"ವಿಷ ಹಾಕಿದ್ದು ನೀ ನೋಡಿಯೇನು ಯವ್ವಾ?"

"ನೋಡೂದೇನೈತಿ? ಸುಗ್ಗಿ ಬಂದಾಗಽ ಸಾಯ್ತಾವು. ಸುಗ್ಗ್ಯಾಗಽ ಆಕೀ ಹೊಟ್ಟಿ ಉರೀತೈತಿ."

"ನನ್ನ ನಾಯಿ, ನನ್ನ ರೊಕ್ಕ. ನಾ ಎಲ್ಲಿ ಬೇಕಾದಲ್ಲಿ ತರ್ತೀನಿ."

ಅಂದಿನಿಂದ ಪ್ರತಿ ಐತವಾರ ಟಿಕೋಟಾದಿಂದ ತತ್ತಿ ತಂದು, ನನ್ನ ಕೋಣೆಯ ಮಾಳಿಗೆ ಮೇಲೆ ಬೇರೆ ಒಲೆ, ಬೇರೆ ಬೋಗುಣಿ ಇಟ್ಟು ಬೇಯಿಸಿದೆ. ಎರಡು ತಿಂಗಳಲ್ಲಿ ಜ್ವಾಳಿಯ ಪಕ್ಕೆಲುಬು ಮುಚ್ಚಿದವು. ಮೈ ಎಣ್ಣೆ ಹಚ್ಚಿದ ಹಾಗೆ ಹೊಳೆಯಿತು. ಅಣ್ಣನ ಮುಂದೆ ಅದನ್ನು ಎರಡು ಸಲ ಬೇಕೆಂದೇ ಅಡ್ಡಾಡಿಸಿದೆ. ಅವನು ಮೊಬೈಲು ನೋಡುತ್ತಾ ಕುಳಿತ. ಹೊಟ್ಟೆ ತಣ್ಣಗಾಯಿತು ನನಗೆ.

ಅಷ್ಟರಲ್ಲಿ ಸುಗ್ಗಿ ಬಂತು, ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯೂ ಬಂತು. ಬೆಳಗಿನಿಂದ ರಾತ್ರಿಯವರೆಗೆ ಲ್ಯಾಬು. ಜ್ವಾಳಿಯನ್ನು ಒಂದು ವಾರ ಅವ್ವನ ಹತ್ತಿರ ಬಿಡುವುದು ಅನಿವಾರ್ಯವಾಯಿತು. ಮುನೀರಾ ದಿನಾ ಬೇಯಿಸಿದ ತತ್ತಿ ಬೇಲಿಯ ಕಲ್ಲಿನ ಮೇಲೆ ಇಡುತ್ತಾಳೆ, ನೀನು ಮುಟ್ಟಬೇಡ, ಕೋಲಿನಿಂದ ನಾಯಿಯ ಮುಂದೆ ತಳ್ಳಿದರೆ ಸಾಕು ಎಂದೆ. "ಆತು ಹೋಗಬೇ," ಎಂದಳು ಅವ್ವ. ಅವ್ವ ಅಷ್ಟು ಬೇಗ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು.

ಐತವಾರ ಜ್ವಾಳಿಯನ್ನು ಕರೆತರಲೆಂದು ಬಸ್ಸಿಗೆ ನಿಂತಿದ್ದಾಗ ಅಣ್ಣನ ಫೋನು ಬಂತು.

"ನಿನ್ನ ನಾಯಿ ಬಿದ್ದೈತಿ. ವಾಂತಿ ಮಾಡಾಕತ್ತೈತಿ. ಆಕೀ ತತ್ತಿ ತಿಂದಽ ಬಿದ್ದೈತಿ. ಹೇಳಿದ್ದೆ ನಾ."

ನಾನು ಮನೆ ಮುಟ್ಟಿದಾಗ ಅಣ್ಣ ಬೇಲಿಯ ಹತ್ತಿರ ನಿಂತು ಮುನೀರಾಳನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ. ಜ್ವಾಳಿ ಕಟ್ಟೆಯ ಕೆಳಗೆ ಬಿದ್ದಿದ್ದಳು. ನನ್ನನ್ನು ನೋಡಿ ಬಾಲ ಅಲ್ಲಾಡಿಸಲು ಹೋದಳು, ಆಗಲಿಲ್ಲ. ಅವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಅಣ್ಣನ ಮಾತು ನಿಜವಾಗಿದ್ದರೆ? ಹಟಕ್ಕೆ ಬಿದ್ದು ನಾನೇ ಇದರ ಬಾಯಿಗೆ ವಿಷ ಹಾಕಿಸಿದೆನೇ?

ಬೇಲಿಯಾಚೆ ಗೂಡ್ಸ್ ಆಟೋ ಚಾಲೂ ಆಯಿತು. ಮುನೀರಾ ಅದನ್ನು ನಮ್ಮ ಬಾಗಿಲಿಗೇ ತಂದು ನಿಲ್ಲಿಸಿದಳು.

"ಬೈಯೂದು ಆಮ್ಯಾಲ ಬೈರಿ. ಮೊದಲ ನಾಯಿ ಎತ್ರಿ. ಡಾಕ್ಟರ್ ಇವತ್ತ ಬಬಲೇಶ್ವರದಾಗ ಮನ್ಯಾಗಽ ಇರ್ತಾರ."

ಅವ್ವ ಜ್ವಾಳಿಯನ್ನು ಬಿಡಲಿಲ್ಲ. ಎತ್ತಿಕೊಂಡೇ, ತಾನು ಮಣ್ಣು ತೂರಿದವಳ ಗಾಡಿ ಹತ್ತಿದಳು. ನಾನೂ ಹಿಂದೆಯೇ ಹತ್ತಿ ಕುಳಿತೆ.

ಬಸಲಿಂಗಯ್ಯನವರು ಕಣ್ಣುರೆಪ್ಪೆ ಎತ್ತಿ ನೋಡಿದರು, ಹೊಟ್ಟೆ ಒತ್ತಿದರು. "ಏನ ತಿಂದೈತಿ?"

"ತತ್ತಿ," ಎಂದೆ ನಾನು.

"ಇಲ್ರಿ ಯಪ್ಪಾ," ಎಂದಳು ಅವ್ವ. "ಒಂದೂ ತಿನಸಿಲ್ಲ ನಾ. ಎಲ್ಲಾ ತಿಪ್ಪ್ಯಾಗ ಹುಗದೇನಿ. ನಮ್ಮನಿ ಮನೂಕ ಹಾಕೇನ್ರಿ, ಹೊಸಾ ಒಣದ್ರಾಕ್ಷಿ. ರೊಟ್ಟಿಗೆ ತುಪ್ಪ ಹಚ್ಚಿ, ಮುಷ್ಟಿ ಮುಷ್ಟಿ ಮನೂಕ ಸುತ್ತಿ ಹಾಕೇನಿ. ಬಾಣಂತಿಗೆ ಕೊಟ್ಟಂಗ ಕೊಟ್ಟೇನ್ರಿ."

ಡಾಕ್ಟರ ಕೈ ನಿಂತಿತು.

"ಮನೂಕ ನಾಯಿಗೆ ವಿಷ ಇದ್ದಂಗ್ರಿ ಅವ್ವಾರ. ದ್ರಾಕ್ಷೀನೂ ಅಷ್ಟಽ. ಕೆಲವಕ್ಕ ಏನೂ ಆಗೂದಿಲ್ಲ, ಕೆಲವಕ್ಕ ಕಿಡ್ನಿ ಕೆಟ್ಟುಬಿಡ್ತಾವ. ಯಾವುದಕ್ಕ ಆಗತೈತಿ ಅಂತ ಮೊದಲಽ ಹೇಳಾಕ ಬರೂದಿಲ್ಲ."

ಅವ್ವ ಜ್ವಾಳಿಯ ತಲೆಯಿಂದ ಕೈ ತೆಗೆದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ಹ್ಯಾಂಗ ಸಾಯ್ತಾವ್ರಿ?"

"ವಾಂತಿ ಮಾಡ್ತಾವು. ಊಟ ಬಿಡ್ತಾವು. ಉಚ್ಚಿ ನಿಂತು, ನಾಕು ದಿನದಾಗ ಹೋಗ್ತಾವು. ಇದನ್ನ ಲಗೂನ ತಂದೀರಿ, ಉಳೀಬಹುದು."

ಶೆಡ್ಡಿನ ನಾಯಿಗಳೂ ಸುಗ್ಗಿಯಲ್ಲಿ ಹೀಗೇ ವಾಂತಿ ಮಾಡುತ್ತಾ ಹೋಗಿದ್ದವು. ಡಾಕ್ಟರು ಸಲೈನು ಹಚ್ಚಿದರು. ಜ್ವಾಳಿ ಅಲ್ಲೇ ಡಾಕ್ಟರ ಮನೆಯ ಪಡಸಾಲೆಯಲ್ಲಿ ಉಳಿದಳು, ಅವಳ ಜೊತೆ ನಾನೂ ಉಳಿದೆ. ಸಂಬಳ ಕಡಿದರೆ ಕಡಿಯಲಿ ಎಂದು ಕಾಲೇಜಿಗೆ ರಜೆ ಹೇಳಿದೆ. ಮೂರನೆಯ ದಿನ ಅವಳು ಎದ್ದು ನಿಂತು ಗೋಡೆಯ ಬುಡದಲ್ಲಿ ಉಚ್ಚೆ ಹೊಯ್ದಳು. ನಾಯಿ ಉಚ್ಚೆ ಹೊಯ್ದಿದ್ದಕ್ಕೆ ಯಾರಾದರೂ ಅಳುತ್ತಾರೆಯೇ? ನಾನು ಅತ್ತುಬಿಟ್ಟೆ. ಕಿಡ್ನಿ ಉಳಿದಿದೆ ಎಂದರು ಡಾಕ್ಟರು.

ಅವಳನ್ನು ಟಿಕೋಟಾಕ್ಕೆ ಕರೆತಂದಾಗ ಅಣ್ಣ ಅಂಗಳದಲ್ಲಿ ಒಣದ್ರಾಕ್ಷಿ ಪೆಟ್ಟಿಗೆ ತುಂಬಿಸುತ್ತಿದ್ದ. ಡಾಕ್ಟರು ಹೇಳಿದ್ದನ್ನು ಹೇಳಿದೆ. ಶೆಡ್ಡಿನ ನಾಯಿಗಳು ಯಾಕೆ ಸುಗ್ಗಿಯಲ್ಲೇ ಸಾಯುತ್ತಿದ್ದವು ಎಂಬುದನ್ನೂ ಹೇಳಿದೆ.

"ಬಾಯಿ ಮುಚ್ಚು," ಎಂದ. "ದ್ರಾಕ್ಷಿ ಮನ್ಯಾಗ ನಿಂತು ಮನೂಕ ವಿಷ ಅಂತೀಯಲ್ಲ, ಮಂದಿ ಕೇಳಿದ್ರ ಮಾಲು ಯಾರು ಒಯ್ತಾರ?"

"ಮನಷ್ಯಾರಿಗಲ್ಲ, ನಾಯಿಗೆ. ಬೇಕಾದ್ರ ಶೆಡ್ಡಿನ ಬಾಗಲ ಮ್ಯಾಲ ದೊಡ್ಡದಾಗಿ ಬರಸ್ತೀನಿ."

"ಆ ಮುನೀರಾಗ ಹೇಳಿಗೀಳೀ ಮತ್ತ! ಊರಾಗ ತಲಿ ಎತ್ತಾಕ ಆಗಂಗಿಲ್ಲ ನಮಗ."

"ಆಕಿ ಇಷ್ಟು ವರ್ಷ ತಲಿ ಎತ್ತಿಲ್ಲಲ್ಲೋ ಅಣ್ಣಾ, ಅದಕ್ಕೇನಂತಿ?"

ಜ್ವಾಳಿಯ ಹಗ್ಗ ಹಿಡಿದು ಬೇಲಿಯ ಕಡೆ ಹೊರಟೆ. ಅವ್ವ ಅಡ್ಡ ಬಂದಳು.

"ನೀ ನಿಂದರು."

ಇವಳೂ ಮಗನ ಮಾತಿಗೇ ಬಿದ್ದಳಲ್ಲ ಎಂದುಕೊಂಡೆ. ಆದರೆ ಅವ್ವ ನನ್ನನ್ನು ಅಲ್ಲೇ ಬಿಟ್ಟು, ತಾನೇ ಸೀರೆ ಎತ್ತಿಕೊಂಡು ಬೇಲಿ ದಾಟಿದಳು. ಮುನೀರಾ ತತ್ತಿ ಆರಿಸುತ್ತಾ ಕುಳಿತಿದ್ದವಳು ತಲೆ ಎತ್ತಲಿಲ್ಲ.

"ತತ್ತಿ ಹ್ಯಾಂಗ ಕೊಟ್ಟೀಬೇ ಮುನೀರಾ?"

"ವಿಷ ಹಾಕಾಕಿ ತತ್ತಿ ನಿಮಗ್ಯಾಕ್ರಿ ಅಕ್ಕಾರ?"

"ವಿಷ ಹಾಕಿದಾಕಿ ನೀ ಅಲ್ಲ, ನಾನು." ಅವ್ವನ ದನಿ ನಮ್ಮ ಅಂಗಳದವರೆಗೂ ಕೇಳಿತು. ಪೆಟ್ಟಿಗೆ ತುಂಬುವ ಆಳುಗಳು ಕೈ ನಿಲ್ಲಿಸಿದರು. "ಕರೀ ನಾಯಿಗೂ ನಾನಽ, ಕೆಂಪ ನಾಯಿಗೂ ನಾನಽ. ಎಲ್ಲಾದಕ್ಕೂ ಈ ಕೈಯಾನಽ ಮನೂಕ ತಿನಿಸೇನಿ. ತಿನಿಸಿ, ನಿನ್ನ ಮನಿಗೆ ಮಣ್ಣು ತೂರೇನಿ."

"ಯವ್ವಾ! ಒಳಗ ಬಾ!" ಎಂದು ಅಣ್ಣ ಕೂಗಿದ.

ಅವ್ವ ತಿರುಗಿ ನೋಡಲಿಲ್ಲ. ಹುಟ್ಟಿದಾಗಿನಿಂದ ತತ್ತಿ ಮುಟ್ಟದವಳು ಮುನೀರಾಳ ಮುಂದೆ ಸೆರಗು ಒಡ್ಡಿದಳು. ಮುನೀರಾ ತಲೆ ಎತ್ತಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಸೀಳುಬಿಟ್ಟವನ್ನು ಪಕ್ಕಕ್ಕೆ ಸರಿಸಿ, ಗಟ್ಟಿ ತತ್ತಿಗಳನ್ನೇ ಆರಿಸಿ ಒಂದೊಂದಾಗಿ ಆ ಸೆರಗಿನಲ್ಲಿ ಇಟ್ಟಳು. ಪೂರ್ತಿ ದರ ಹೇಳಿದಳು. ಒಂದು ರೂಪಾಯಿಯನ್ನೂ ಬಿಡಲಿಲ್ಲ, ಬಿಡಬಾರದು ಕೂಡ.

ಅವ್ವ ಸೆರಗನ್ನು ಎದೆಗವಚಿಕೊಂಡು ಬೇಲಿ ದಾಟಿ ಬಂದಳು. ಅಣ್ಣ ಬಾಗಿಲಿಗೆ ಅಡ್ಡ ನಿಂತಿದ್ದ.

"ಆಚಿಗೆ ಸರೀ ಲೇ," ಎಂದಳು ಅವನಿಗೆ. ನನ್ನ ಕಡೆ ತಿರುಗಿ, "ನಂದಾ, ಒಲಿ ಹಚ್ಚು," ಎಂದಳು.